ಡೆಂಟ್ ಆಮೇಲೆ, ಮೊದಲು ನೀರು

ಹೊಳೆ ದಾಟಿ ಬಂದ ಗಾಡಿಯ ಸುತ್ತ ಜನ ಸೇರಿದರೆ ಎಲ್ಲರ ಕಣ್ಣೂ ಡೆಂಟ್ ಮೇಲೆಯೇ ಇರುತ್ತದೆ. ನನ್ನ ಗಾಡಿಯ ಎಡಗಡೆ ಹಿಂದಿನ ಬಾಗಿಲು ಕೆಳಭಾಗದಲ್ಲಿ ಒಳಕ್ಕೆ ಹೋಗಿತ್ತು. ಅದರ ಕೆಳಗಿನ ಸಿಲ್, ಅಂದರೆ ಬಾಗಿಲುಗಳ ಅಡಿಯಲ್ಲಿ ಉದ್ದಕ್ಕೂ ಹೋಗುವ ಟೊಳ್ಳು ತಗಡಿನ ಭಾಗ, ಜಜ್ಜಿತ್ತು. ಹಿಂದಿನ ಚಕ್ರದ ಮೇಲಿನ ತಗಡಿನಲ್ಲಿ ಉದ್ದಕ್ಕೂ ಒಂದು ಗೀರು. ಮುಂದಿನ ಬಂಪರ್ ಒಂದು ಬದಿ ಜೋತುಬಿದ್ದಿತ್ತು. ಇಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಅರ್ಧ ಹರಿದು ನೆಲಕ್ಕೆ ಉಜ್ಜುತ್ತಿತ್ತು. "ಟಿಂಕರಿಂಗ್‌ಗೆ ಬಿಡು, ಸರಿಹೋಗುತ್ತೆ" ಅಂದರು ಜೊತೆಯಲ್ಲಿದ್ದವರು. ಅವರು ಹಾಗನ್ನುವಾಗಲೂ ಬಾಗಿಲ ಕೆಳಗಿನ ಸಂದಿಯಿಂದ ಸಣ್ಣ ಧಾರೆಯಾಗಿ ನೀರು ಬೀಳುತ್ತಲೇ ಇತ್ತು. ಡೆಂಟ್‌ಗಿಂತ ಆ ಧಾರೆಯೇ ನನ್ನ ತಲೆ ಕೆಡಿಸಿತು. ದಡಕ್ಕೆ ಬಂದು ಇಷ್ಟು ಹೊತ್ತಾದರೂ ನೀರು ಸುರಿಯುತ್ತಿದೆ ಅಂದರೆ, ಒಳಗೆ ಇನ್ನೂ ಎಲ್ಲೆಲ್ಲಿ ನಿಂತಿದೆಯೋ!

ನಾವು ಕೋಲು ಹಿಡಿದು ಆಳ ನೋಡಿಯೇ ಇಳಿದಿದ್ದೆವು. ನೀರು ಚಕ್ರದ ಮೇಲಿನವರೆಗೆ ಬರುತ್ತದೆ ಅಂತ ಗೊತ್ತಿತ್ತು. ಆದರೆ ಆಳ ಒಂದು ಲೆಕ್ಕ, ಸೆಳವು ಇನ್ನೊಂದು ಲೆಕ್ಕ. ನಾಲ್ಕು ಮೀಟರ್ ಉದ್ದ, ಸುಮಾರು ಒಂದೂವರೆ ಮೀಟರ್ ಅಗಲದ ಗಾಡಿಯ ತಳ 10 ಸೆಂಟಿಮೀಟರ್ ಮುಳುಗಿದರೂ ಅದು ಸರಿಸುವ ನೀರು ಸುಮಾರು 600 ಲೀಟರ್. ಒಳಗೆ ನೀರು ತುಂಬುವವರೆಗೆ ಅಷ್ಟೇ ಕಿಲೋ ಭಾರವನ್ನು ನೀರು ಮೇಲಕ್ಕೆ ಎತ್ತುತ್ತದೆ. ಟೈರಿಗೆ ನೆಲದ ಹಿಡಿತ ಅಷ್ಟು ಕಡಿಮೆಯಾಗುತ್ತದೆ. ನಡು ಹೊಳೆಯಲ್ಲಿ ಗಾಡಿಯ ಹಿಂಭಾಗ ಮೆಲ್ಲಗೆ ಪಕ್ಕಕ್ಕೆ ಜಾರಿತು. ನೀರೊಳಗಿದ್ದ ಬಂಡೆಗೆ ಸಿಲ್ ತಗುಲಿತು. ಆಮೇಲೆ ಬಂಡೆಗೆ ಒರೆಸಿಕೊಂಡೇ ಮುಂದೆ ಬಂದೆವು. ದೊಡ್ಡ ಸದ್ದೇನೂ ಆಗಲಿಲ್ಲ.

ಮುಂಭಾಗಕ್ಕೆ ಪೆಟ್ಟಾಗಲು ಬಂಡೆಯೂ ಬೇಕಿರಲಿಲ್ಲ, ನೀರೇ ಸಾಕಾಯಿತು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನೀರಿಗೆ ಎದುರಾದರೆ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಒತ್ತಡ ಹತ್ತಿರ ಹತ್ತಿರ 100 ಕಿಲೋ ಭಾರದಷ್ಟು. ವೇಗ 10 ಆದರೆ 400 ಕಿಲೋ, 20 ಆದರೆ 1,600 ಕಿಲೋ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಸೆಳವಿಗೆ ಎದುರಾಗಿ ಹೋಗುತ್ತಿದ್ದರೆ ಅದರ ವೇಗವನ್ನೂ ನಮ್ಮ ವೇಗಕ್ಕೆ ಕೂಡಿಸಬೇಕು. ತೆಳು ಪ್ಲಾಸ್ಟಿಕ್ ತಟ್ಟೆ, ನಾಲ್ಕಾರು ಕ್ಲಿಪ್‌ಗಳಲ್ಲಿ ನಿಂತ ಬಂಪರ್ ಇದನ್ನೆಲ್ಲಿ ತಡೆಯುತ್ತವೆ? ಕಂಪನಿಗಳು ಗಾಡಿ ಇಷ್ಟು ಆಳಕ್ಕೆ ಇಳಿಯಬಹುದು ಅಂತ ಅಂಕಿ ಕೊಡುತ್ತವೆ. ಮಹೀಂದ್ರಾ ಥಾರ್‌ಗೆ 650 ಮಿಲಿಮೀಟರ್, ಫೋರ್ಡ್ ರೇಂಜರ್‌ಗೆ 800, ಗಾಡಿಯನ್ನು ಮೇಲಕ್ಕೆ ಎತ್ತಬಲ್ಲ ಏರ್ ಸಸ್ಪೆನ್ಷನ್ ಇರುವ ಹೊಸ ಲ್ಯಾಂಡ್ ರೋವರ್ ಡಿಫೆಂಡರ್‌ಗೆ 900. ನಿಧಾನವಾಗಿ ಹೋಗಬೇಕು ಅನ್ನುವ ಷರತ್ತು ಆ ಅಂಕಿಯ ಒಳಗೇ ಇರುತ್ತದೆ. ಬಂಡೆಯ ಲೆಕ್ಕ ಅದರಲ್ಲಿ ಇರುವುದಿಲ್ಲ.

ಇಂಜಿನ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಏರ್ ಫಿಲ್ಟರ್ ಒಣಗಿತ್ತು, ಹಾಗಾಗಿ ಸಿಲಿಂಡರ್‌ಗೆ ನೀರು ಹೋಗಿರಲಿಲ್ಲ. ಫಿಲ್ಟರ್ ಒದ್ದೆಯಾಗಿದ್ದರೆ ಸ್ಟಾರ್ಟ್ ಮಾಡಲು ಹೋಗಲೇಬಾರದು. ನೀರನ್ನು ಅದುಮಲು ಆಗುವುದಿಲ್ಲ, ಬದಲಿಗೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಿಂದಿನ ಎರಡು ಚಕ್ರಗಳ ನಡುವಿನ ಗೇರ್ ಗೂಡಿನ, ಅಂದರೆ ಡಿಫರೆನ್ಷಿಯಲ್ ಆಯಿಲ್ ನೀರು ಸೇರಿ ಬೆಳ್ಳಗೆ ಹಾಲಿನ ಬಣ್ಣಕ್ಕೆ ತಿರುಗಿತ್ತು, ಬದಲಾಯಿಸಿದೆವು. ಬ್ರೇಕ್ ಬಿಚ್ಚಿ ಮರಳು ತೊಳೆದೆವು. ರೇಡಿಯೇಟರ್ ಹಿಂಬದಿಯಲ್ಲಿ ಬಿಲ್ಲಿನ ಆಕಾರದ ಒಂದು ಸಣ್ಣ ಗೀರು ಸಿಕ್ಕಿತು. ತಿರುಗುತ್ತಿರುವ ಫ್ಯಾನ್ ನೀರಿಗೆ ಸಿಕ್ಕಿದರೆ ರೆಕ್ಕೆಗಳು ಮುಂದಕ್ಕೆ ಬಾಗಿ ರೇಡಿಯೇಟರ್‌ಗೆ ತಗುಲುತ್ತವೆ. ನಮ್ಮ ಪುಣ್ಯ, ಸೋರುವಷ್ಟು ಆಗಿರಲಿಲ್ಲ.

ಇನ್ನು ಬಾಡಿ. ಟಿಂಕರಿಂಗ್ ಮಾಡುವ ಅಣ್ಣ ಗಾಡಿಯ ಸುತ್ತ ಒಂದು ಸುತ್ತು ಬಂದರು. ಡೆಂಟ್ ಮುಟ್ಟಲೂ ಇಲ್ಲ. ಬಾಗಿಲು ತೆಗೆದು ಕಾರ್ಪೆಟ್ ಮೇಲೆ ಹೆಬ್ಬೆರಳು ಒತ್ತಿದರು. ಮೇಲೆ ಒಣಗಿದಂತೆ ಕಾಣುತ್ತಿದ್ದ ಕಾರ್ಪೆಟ್‌ನಿಂದ ಕಂದು ನೀರು ಜಿನುಗಿ ಬೆರಳ ಸುತ್ತ ನಿಂತಿತು. "ಇದನ್ನೆಲ್ಲ ಕಿತ್ತು ಒಣಗಿಸಿ ತನ್ನಿ ಸಾರ್. ಒಳಗೆ ನೀರಿಟ್ಟುಕೊಂಡು ಹೊರಗೆ ಬಣ್ಣ ಹೊಡೆದರೆ ನನ್ನ ಹೆಸರೂ ಕೆಡುತ್ತೆ, ನಿಮ್ಮ ದುಡ್ಡೂ ಹಾಳು" ಅಂದರು. ಬಿಚ್ಚುವ ಕೆಲಸ ನಾನೇ ಮಾಡಿಕೊಂಡೆ. ಒಂದೊಂದು ಭಾಗ ಬಿಚ್ಚುವ ಮೊದಲೂ ಫೋಟೋ ತೆಗೆದೆ. ವಾಪಸ್ ಜೋಡಿಸುವಾಗ ಯಾವ ಸ್ಕ್ರೂ ಎಲ್ಲಿಯದು ಅಂತ ಒದ್ದಾಡುವುದು ಅದರಿಂದ ತಪ್ಪಿತು.

ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ತೆಗೆದು ಹತ್ತು ಹದಿನೈದು ನಿಮಿಷ ಸುಮ್ನೆ ಬಿಟ್ಟೆ. ಸೀಟಿನ ಕೆಳಗೆ ಏರ್‌ಬ್ಯಾಗ್ ಮತ್ತು ಸೀಟ್ ಬೆಲ್ಟಿನ ಹಳದಿ ಕನೆಕ್ಟರ್‌ಗಳಿರುತ್ತವೆ. ಕರೆಂಟ್ ಇರುವಾಗ ಅವಕ್ಕೆ ಕೈ ಹಾಕಬಾರದು. ಅವು ಬಿಚ್ಚಿರುವಾಗ ಕೀ ಆನ್ ಮಾಡಿದರೆ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಹತ್ತಿ ಕೂರುತ್ತದೆ, ಆಮೇಲೆ ಸ್ಕ್ಯಾನರ್ ಹಾಕಿಯೇ ಆರಿಸಬೇಕು. ಒಂದು ಕನೆಕ್ಟರ್‌ನ ಪಿನ್‌ಗಳ ಬುಡದಲ್ಲಿ ಆಗಲೇ ಹಸಿರು ಬಣ್ಣ ಕಾಣಿಸಿತ್ತು. ತಾಮ್ರ ಕಿಲುಬು ಹಿಡಿಯಲು ಶುರುವಾಗಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ, ಒಣಗಿಸಿ, ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಸವರಿದೆ.

ಸೀಟು ತೆಗೆದ ಮೇಲೆ ಕಾರ್ಪೆಟ್ ಎತ್ತಲು ಹೋದರೆ ಒಬ್ಬನ ಕೈಲಿ ಆಗಲಿಲ್ಲ. ಕಾರ್ಪೆಟ್ ಕೆಳಗೆ ಸದ್ದು ತಡೆಯಲು ದಪ್ಪ ಸ್ಪಂಜು ಅಂಟಿಸಿರುತ್ತಾರೆ. ಅದು ಬಕೆಟ್‌ಗಟ್ಟಲೆ ನೀರು ಹೀರಿಕೊಂಡು ಕೂತಿತ್ತು. ಬಿಸಿಲಿಗೆ ಹಾಕಿದೆ, ಫ್ಯಾನ್ ಇಟ್ಟೆ, ಹಿಂಡಿದೆ. ಮೇಲೆಲ್ಲ ಒಣಗುತ್ತದೆ, ಮಡಿಕೆ ಬಿಚ್ಚಿದರೆ ಅದೇ ಮುಗ್ಗಲು ವಾಸನೆ. ಕೊನೆಗೆ ಸ್ಪಂಜನ್ನು ಕಿತ್ತು ಬಿಸಾಡಿ, ನೀರು ಹೀರದ ಹೊಸ ಫೋಮ್ ಹಾಳೆ ಕತ್ತರಿಸಿ ಹಾಕಿದೆ. ಕಾರ್ಪೆಟ್ ಮಾತ್ರ ಶಾಂಪೂ ಹಾಕಿ ತೊಳೆದು ಉಳಿಸಿಕೊಂಡೆ. ಸ್ಪಂಜು ಒಣಗಿಸುವುದಕ್ಕೆ ಪಟ್ಟ ಪಾಡು ದಂಡ ಅಂತಲೇ ನನ್ನ ಅಭಿಪ್ರಾಯ. ಕೆಸರು ನೀರು ಒಮ್ಮೆ ಒಳಗೆ ಹೋದ ಸ್ಪಂಜು ಮತ್ತೆ ಸ್ಪಂಜಾಗುವುದಿಲ್ಲ.

ನೆಲದ ತಗಡಿನಲ್ಲಿ ದುಂಡನೆಯ ರಬ್ಬರ್ ಬಿರಡೆಗಳು ಇರುತ್ತವೆ. ಅಷ್ಟನ್ನೂ ತೆಗೆದೆ. ಸದ್ದು ತಗ್ಗಿಸಲು ಅಂಟಿಸಿದ ಟಾರಿನ ಹಾಳೆಗಳನ್ನು ಉಗುರಿನಿಂದ ಎಬ್ಬಿಸಿ ನೋಡಿದೆ. ಒಂದರ ಅಂಚು ಎದ್ದಿತ್ತು. ಅದರಡಿ ಕಾಗದದಷ್ಟು ತೆಳುವಾಗಿ ಹೂಳು ಹರಡಿಕೊಂಡಿತ್ತು. ಅಷ್ಟೇ ಸಾಕು. ನೀರು ಹೋದರೂ ಹೂಳು ತೇವ ಹಿಡಿದಿಟ್ಟುಕೊಳ್ಳುತ್ತದೆ, ತುಕ್ಕು ಅಲ್ಲಿಂದಲೇ ಶುರು. ಆ ಹಾಳೆ ಪೂರ್ತಿ ಕೆರೆದು ತೆಗೆದೆ.

ಬಾಗಿಲುಗಳದ್ದು ಬೇರೆಯೇ ಕತೆ. ಪ್ರತಿ ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿದು ಹೋಗಲು ಸಣ್ಣ ಸೀಳುಗಳಿರುತ್ತವೆ. ಮಳೆಯಲ್ಲಿ ಗಾಜಿನ ಪಕ್ಕದಿಂದ ಒಳಗಿಳಿಯುವ ನೀರು ಇಲ್ಲಿಂದಲೇ ಹೊರಗೆ ಹೋಗಬೇಕು. ಹೂಳು ಬಂದು ಅವು ಮುಚ್ಚಿಕೊಂಡಿದ್ದವು. ಬಾಗಿಲು ಆಡಿಸಿದರೆ ಒಳಗೆ ಗುಳುಗುಳು ಸದ್ದು. ಸ್ಕ್ರೂಡ್ರೈವರ್ ಹಾಕಿದರೆ ಬಣ್ಣ ಕೀಳುತ್ತದೆ ಅಂತ ಪ್ಲಾಸ್ಟಿಕ್ ಕೇಬಲ್ ಟೈ ತೂರಿಸಿ ಕದಡಿದೆ. ಮೊದಲು ಏನೂ ಬರಲಿಲ್ಲ. ಆಮೇಲೆ ಒಂದು ಉಂಡೆ ಕೆಸರು, ಅದರ ಹಿಂದೆಯೇ ಕಪ್ಪು ನೀರು ಭರ್ರನೆ ಸುರಿಯಿತು. ಒಳಗಿನ ಟ್ರಿಮ್ ತೆಗೆದು, ಅದರ ಹಿಂದೆ ಕಪ್ಪು ಅಂಟಿನಲ್ಲಿ ಕೂರಿಸಿದ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಬಿಡಿಸಿ, ಸಾದಾ ನೀರಿನ ಪೈಪಿನಲ್ಲಿ ಮೆಲ್ಲಗೆ ತೊಳೆದೆ. ಪ್ರೆಶರ್ ವಾಷರ್ ಹಿಡಿದರೆ ನೀರು ವೈರ್‌ಗಳ ಜಾಯಿಂಟ್ ಒಳಗೆ ಇನ್ನೂ ಆಳಕ್ಕೆ ಹೋಗುತ್ತದೆ. ಸಿಲ್ ಒಳಗೂ ಚಾಸಿಸ್‌ನ ಉದ್ದ ಕಂಬಿಗಳ ಒಳಗೂ ಹೀಗೇ ಪೈಪ್ ತೂರಿಸಿ, ತಿಳಿ ನೀರು ಬರುವವರೆಗೆ ಬಿಟ್ಟೆ. ತಿಳಿಯಾಗಲು ಎಷ್ಟು ಹೊತ್ತು ಹಿಡಿಯಿತು ಅಂದರೆ ಪಕ್ಕದಲ್ಲಿದ್ದವರು ನಲ್ಲಿ ನಿಲ್ಲಿಸಿ ಅಂತ ಗದರಿದರು. ಆಮೇಲೆ ಕಂಪ್ರೆಸರ್ ಗಾಳಿ, ಅದಾದ ಮೇಲೆ ಎಲ್ಲ ಬಾಗಿಲೂ ತೆಗೆದಿಟ್ಟು ಹಲವು ದಿನ ಬಿಟ್ಟೆ.

ಒಣಗಿದ ಗಾಡಿ ಮತ್ತೆ ಅಣ್ಣನ ಹತ್ತಿರ ಹೋಯಿತು. ಆಗ ಅವರು ಜೇಬಿನಿಂದ ಬಟ್ಟೆ ಸುತ್ತಿದ ಒಂದು ಸಣ್ಣ ಅಯಸ್ಕಾಂತ ತೆಗೆದರು. ಜಜ್ಜಿದ ಸಿಲ್ ಉದ್ದಕ್ಕೂ ಅದನ್ನು ಎಳೆಯುತ್ತಾ ಬಂದರು. ಟಕ್ಕನೆ ಹಿಡಿಯುತ್ತಿತ್ತು, ಹಿಡಿಯುತ್ತಿತ್ತು, ಹಿಂದಿನ ಚಕ್ರಕ್ಕೆ ಒಂದು ಗೇಣು ಮೊದಲು ಅಯಸ್ಕಾಂತ ಕೈ ಬಿಟ್ಟು ಜಾರಿತು. ಅಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ 'ಟಣ್' ಅನ್ನಬೇಕಾದ ತಗಡು 'ದಬ್' ಅಂದಿತು. ಗ್ರೈಂಡರ್ ಇಟ್ಟರು. ಬಣ್ಣ ಹೋಯಿತು, ಅದರಡಿ ಪ್ರೈಮರ್, ಅದರಡಿ ಪುಟ್ಟಿ. ಪುಟ್ಟಿ ಮುಗಿಯಲೇ ಇಲ್ಲ. ಬೆರಳು ದಪ್ಪ ಪುಟ್ಟಿಯ ಹಿಂದೆ ತಗಡೇ ಇರಲಿಲ್ಲ, ಕೆಂಪು ಪುಡಿ ಇತ್ತು. ನನಗಿಂತ ಮೊದಲಿನ ಮಾಲೀಕರ ಕಾಲದಲ್ಲಿ ಯಾರೋ ತುಕ್ಕಿನ ತೂತಿಗೆ ಜಾಲರಿ ಇಟ್ಟು ಮೇಲೆ ಪುಟ್ಟಿ ಬಳಿದಿದ್ದರು. ಪಾಲಿಯೆಸ್ಟರ್ ಪುಟ್ಟಿ ತೇವ ಹೀರುತ್ತದೆ. ಹಿಂದುಗಡೆಯಿಂದ ನೀರು ತಗುಲುತ್ತಾ ತಗುಲುತ್ತಾ ಸುತ್ತಲಿನ ಒಳ್ಳೆಯ ತಗಡನ್ನೂ ತಿಂದಿತ್ತು. ಬಂಡೆ ತಗುಲದೇ ಹೋಗಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಂಡೆಗೆ ಒಂದು ಥ್ಯಾಂಕ್ಸ್ ಹೇಳಬೇಕೇನೋ.

ಹಾಗಾಗಿ ಸಿಲ್ ಹೊರ ತಗಡನ್ನು ಹಿಂದಿನ ಬಾಗಿಲಿನಷ್ಟು ಉದ್ದಕ್ಕೆ ಕತ್ತರಿಸಿ ಹೊಸದು ಹಾಕುವುದು ಅಂತಾಯಿತು. ಸಿಲ್ ಬರೀ ಅಂದಕ್ಕೆ ಇರುವ ಭಾಗ ಅಲ್ಲ. ಪಕ್ಕದಿಂದ ಗುದ್ದಿದರೆ ಒಳಗಿರುವವರನ್ನು ಕಾಯುವ ಪೆಟ್ಟಿಗೆ ಅದು. ಹೊರ ತಗಡು, ಒಳ ತಗಡು, ಇವೆರಡರ ನಡುವೆ ಗಟ್ಟಿ ಸ್ಟೀಲಿನ ಇನ್ನೊಂದು ಪಟ್ಟಿ. ನಡುವಿನ ಪಟ್ಟಿ ಬಾಗಿದ್ದರೆ ಲೆಕ್ಕವೇ ಬೇರೆಯಾಗುತ್ತಿತ್ತು. ಅದನ್ನು ಬಿಸಿ ಮಾಡಿ ನೆಟ್ಟಗೆ ಮಾಡಲು ಹೋದರೆ ಸ್ಟೀಲ್ ತನ್ನ ಬಲ ಕಳೆದುಕೊಳ್ಳುತ್ತದೆ. ನಮ್ಮದು ನೆಟ್ಟಗಿತ್ತು. ಬಾಗಿಲ ಸಂದಿಗಳನ್ನು ಮೇಲೆ, ನಡುವೆ, ಕೆಳಗೆ ಅಳೆದು ನೋಡಿದೆವು. ಬಾಡಿಯನ್ನು ಚಾಸಿಸ್ ಮೇಲೆ ಕೂರಿಸುವ ರಬ್ಬರ್ ಬುಷ್‌ಗಳನ್ನೂ ನೋಡಿದೆವು. ಯಾವುದೂ ಜರುಗಿರಲಿಲ್ಲ.

ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿಯನ್ನು ತಾತ್ಕಾಲಿಕವಾಗಿ ಬಿಗಿದರು. ಸಿಲ್ ತೆಗೆದಾಗ ಬಾಡಿ ಕುಸಿದರೆ ಬಾಗಿಲು ಆಮೇಲೆ ಕೂರುವುದಿಲ್ಲ. ಕಂಪನಿಯ ಸ್ಪಾಟ್ ವೆಲ್ಡ್‌ಗಳನ್ನು 8 ಮಿಲಿಮೀಟರ್ ಬಿಟ್ ಹಾಕಿ ಒಂದೊಂದಾಗಿ ಕೊರೆದರು. ಹಳೆ ತಗಡು ಕೈಗೆ ಬಂದಾಗ ಅದರ ಒಳಗಿನಿಂದ ಒಂದು ಬೊಗಸೆ ಮರಳು ನೆಲಕ್ಕೆ ಸುರಿಯಿತು. ನಾನು ಅಷ್ಟು ಹೊತ್ತು ತೊಳೆದ ಮೇಲೂ! ಒಳಗೆ ಅಡ್ಡ ತಗಡುಗಳಿರುವ ಕಡೆ ನೀರಿನ ಪೈಪ್ ತಲುಪುವುದಿಲ್ಲ ಅಂತ ಆಗ ಗೊತ್ತಾಯಿತು. ಇನ್ನೊಂದು ಬದಿಯ ಸಿಲ್‌ಗೆ ಮತ್ತೆ ಪೈಪ್ ಹಾಕಿದೆ, ಈ ಸಲ ಹಿಂದಿನ ತೂತಿನಿಂದ.

ಒಳ ತಗಡಿನ ಮೇಲಿನ ಹಗುರ ತುಕ್ಕನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ಉಳಿದದ್ದಕ್ಕೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿದರು. ಕೆಂಪು ಇದ್ದದ್ದು ನೋಡುತ್ತಾ ಇರುವಾಗಲೇ ಕಪ್ಪಾಯಿತು. ಪದರ ಪದರವಾಗಿ ಏಳುವ ದಪ್ಪ ತುಕ್ಕಿಗೆ ಇದು ಆಗುವುದಿಲ್ಲ, ಅದನ್ನು ಕೆರೆದೇ ತೆಗೆಯಬೇಕು. ಹೊಸ ತಗಡಿನ ಅಂಚಿನಲ್ಲಿ ಸಾಲಾಗಿ ತೂತು ಹೊಡೆದು, ಎರಡೂ ತಗಡು ಸೇರುವ ಜಾಗಕ್ಕೆ ವೆಲ್ಡಿಂಗ್ ಬಿಸಿ ತಾಳಿಕೊಳ್ಳುವ ಜಿಂಕ್ ಪ್ರೈಮರ್ ಬಳಿದು, ಮಿಗ್ ವೆಲ್ಡಿಂಗ್‌ನಲ್ಲಿ ತೂತುಗಳನ್ನು ತುಂಬುತ್ತಾ ಹೋದರು. ಉದ್ದದ ಜಾಯಿಂಟ್ ಇದ್ದ ಕಡೆ ಒಂದೇ ಗೆರೆಯಲ್ಲಿ ಎಳೆಯಲಿಲ್ಲ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ಆರಲು ಬಿಟ್ಟು ಮತ್ತೆ ನಡುವೆ ಇನ್ನೊಂದು. ಬಾಡಿ ತಗಡು ಒಂದು ಮಿಲಿಮೀಟರ್‌ಗಿಂತ ತೆಳು. ಒಂದೇ ಸಮ ಬಿಸಿ ಕೊಟ್ಟರೆ ಅಲೆಅಲೆಯಾಗಿ ಸೊಟ್ಟಗಾಗುತ್ತದೆ. ನನಗೆ ಕೊಟ್ಟ ಕೆಲಸ ಒಳಗಡೆ ಒದ್ದೆ ಗೋಣಿ, ನೀರಿನ ಬಾಟಲಿ ಹಿಡಿದು ಕೂರುವುದು. ತಗಡಿನ ಹಿಂದಿನ ಅಂಟು, ಫೋಮ್, ವೈರಿನ ಹೊದಿಕೆ ಯಾವಾಗ ಬೇಕಾದರೂ ಹೊತ್ತಿಕೊಳ್ಳಬಹುದು. ಒಮ್ಮೆ ಹೊಗೆ ಬಂತು, ನೀರು ಹಾಕಿದೆ, ಮುಗಿಯಿತು. ಜಿಂಕ್ ಹೊಗೆ ಕುಡಿದರೆ ರಾತ್ರಿ ಚಳಿ ಜ್ವರ ಬರುತ್ತದೆ, ಅದಕ್ಕೇ ಇಬ್ಬರೂ ಮಾಸ್ಕ್ ತೆಗೆಯಲಿಲ್ಲ.

ಬಾಗಿಲ ಡೆಂಟ್ ತೆಗೆಯುವುದನ್ನು ನೋಡುವುದೇ ಒಂದು ಚೆಂದ. ಸುತ್ತಿಗೆ ತಗೊಂಡು ಗುಂಡಿಯ ನಡುವೆ ಗುದ್ದುತ್ತಾರೆ ಅಂದುಕೊಂಡಿದ್ದೆ. ಅಣ್ಣ ನಡುಭಾಗ ಮುಟ್ಟಲೇ ಇಲ್ಲ. ಡೆಂಟ್ ಸುತ್ತ ತಗಡು ಉಬ್ಬಿ ಏಣು ಕಟ್ಟಿರುತ್ತದೆ, ಮೊದಲು ಅದನ್ನು ಇಳಿಸಬೇಕು. ಕೊನೆಯಲ್ಲಿ ಆದ ಪೆಟ್ಟನ್ನು ಮೊದಲು ಬಿಡಿಸಬೇಕು ಅನ್ನುವುದು ಅವರ ಲೆಕ್ಕ. ಒಳಗಿನಿಂದ ಡಾಲಿ ಅನ್ನುವ ಕಬ್ಬಿಣದ ಗಟ್ಟಿ ಒತ್ತಿ ಹಿಡಿದು, ಹೊರಗಿನಿಂದ ಡಾಲಿಯ ಪಕ್ಕದಲ್ಲಿ ಚಪ್ಪಟೆ ಸುತ್ತಿಗೆಯಿಂದ ಸಣ್ಣ ಸಣ್ಣ ಏಟು. ಏಣು ಇಳಿಯುತ್ತಾ ಹೋದಂತೆ ನಡುಭಾಗ ತಾನೇ ಮೇಲೆ ಬಂತು. ಕಣ್ಣಿಗಿಂತ ಅಂಗೈಯನ್ನೇ ಜಾಸ್ತಿ ನಂಬುತ್ತಿದ್ದರು. ತೆಳು ಬಟ್ಟೆ ಹಾಸಿ, ಅದರ ಮೇಲೆ ಅಂಗೈ ಆಡಿಸಿ, "ಇಲ್ಲಿ ನೋಡಿ, ಇನ್ನೂ ಕೂದಲೆಳೆ ಉಬ್ಬಿದೆ" ಅಂತ ನನ್ನ ಕೈಯನ್ನೂ ಎಳೆದು ಇಟ್ಟರು. ನನಗೆ ಏನೂ ಗೊತ್ತಾಗಲಿಲ್ಲ. ಹೌದು ಅಂದೆ.

ಒಂದು ಜಾಗ ಮಾತ್ರ ಕೈಗೆ ಸಿಗಲಿಲ್ಲ. ಒತ್ತಿದರೆ 'ಟಿಕ್' ಅಂತ ಒಳಗೆ ಹೋಗುತ್ತದೆ, ಬಿಟ್ಟರೆ 'ಟಿಕ್' ಅಂತ ಹೊರಗೆ. ಬಂಡೆಗೆ ಒರೆಸಿ ತಗಡು ಹಿಗ್ಗಿತ್ತು. ಹಿಗ್ಗಿದ ತಗಡಿಗೆ ಎಷ್ಟು ಸುತ್ತಿಗೆ ಬಡಿದರೂ ಅಷ್ಟೇ, ಇನ್ನೂ ಹಿಗ್ಗುತ್ತದೆ. ಅದನ್ನು ಕುಗ್ಗಿಸಬೇಕು. ತಾಮ್ರದ ಮೊನೆಯಿಂದ ಒಂದು ಚುಕ್ಕಿಯಷ್ಟು ಜಾಗ ಕೆಂಪಗೆ ಕಾಯಿಸಿ, ತಕ್ಷಣ ಒದ್ದೆ ಬಟ್ಟೆ ಒತ್ತುವುದು. ಕಾದಾಗ ಹಿಗ್ಗಲು ಹೋದ ತಗಡಿಗೆ ಸುತ್ತಲಿನ ತಣ್ಣನೆ ತಗಡು ಜಾಗ ಕೊಡುವುದಿಲ್ಲ. ಅದು ಅಲ್ಲೇ ದಪ್ಪವಾಗಿ, ಆರಿದಾಗ ಸುತ್ತಲಿನದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕೆಲವು ಚುಕ್ಕಿ ಆದ ಮೇಲೆ ಟಿಕ್ ಸದ್ದು ನಿಂತಿತು.

ಬಾಗಿಲಿನ ಕೆಳ ಅಂಚಿನಲ್ಲಿ ಹೊರ ತಗಡು ಒಳ ತಗಡಿನ ಮೇಲೆ ಮಡಚಿಕೊಂಡಿರುತ್ತದೆ. ಆ ಮಡಿಕೆ ಬಾಯಿ ಬಿಟ್ಟಿತ್ತು. ಬಹಳ ಕಡೆ ಇದನ್ನು ಸುಮ್ನೆ ಬಡಿದು ಮುಚ್ಚಿ ಬಣ್ಣ ಹೊಡೆಯುತ್ತಾರೆ. ಒಳಗೆ ಉಳಿದ ತೇವ ಬಣ್ಣವನ್ನು ಗುಳ್ಳೆ ಎಬ್ಬಿಸಿಕೊಂಡೇ ಹೊರಗೆ ಬರುತ್ತದೆ. ನಾವು ಅದನ್ನು ಇನ್ನಷ್ಟು ಬಿಡಿಸಿ, ಗಾಳಿ ಹೊಡೆದು, ಎಪಾಕ್ಸಿ ಪ್ರೈಮರ್ ಇಳಿಸಿ, ಆಮೇಲೆ ಮಡಚಿ, ಮಡಿಕೆಯ ಗೆರೆಗೆ ಸಂದಿ ಮುಚ್ಚುವ ಸೀಮ್ ಸೀಲರ್ ಎಳೆದೆವು. ನೀರು ಇಳಿಯುವ ಸೀಳುಗಳ ಮೇಲೆ ಸೀಲರ್ ಬೀಳದಂತೆ ನೋಡಿಕೊಂಡಿದ್ದು ನಾನು.

ಹಿಂದಿನ ಚಕ್ರದ ಮೇಲಿನ ಗೀರಿನ ವಿಷಯಕ್ಕೆ ನಮ್ಮಿಬ್ಬರಿಗೂ ಸ್ವಲ್ಪ ಚರ್ಚೆಯಾಯಿತು. ಪುಟ್ಟಿ ಹಾಕಿ ಕನ್ನಡಿಯ ಹಾಗೆ ಮಾಡಿಕೊಡುತ್ತೇನೆ ಅಂದರು ಅಣ್ಣ. ಬೇಡ ಅಂದೆ. ಕಲ್ಲು ಮುಳ್ಳಿನಲ್ಲಿ ಓಡಾಡುವ ಗಾಡಿಗೆ ಅಲ್ಲಿ ಮತ್ತೆ ಪೆಟ್ಟು ಬೀಳುವುದು ಖಂಡಿತ. ಪುಟ್ಟಿ ಬಿರುಕು ಬಿಟ್ಟರೆ ನೀರು ಹೋಗಲು ದಾರಿ ಅದೇ. ಸುತ್ತಿಗೆಯಲ್ಲಿ ಆದಷ್ಟು ನೆಟ್ಟಗೆ ಮಾಡಿ, ಬರಿ ತಗಡಿಗೆ ಎಪಾಕ್ಸಿ ಕೊಟ್ಟು ಬಣ್ಣ ಹೊಡೆದರೆ ಸಾಕು ಅಂದೆ. ಅವರಿಗೆ ಅಷ್ಟು ಸಮಾಧಾನ ಆಗಲಿಲ್ಲ, ಆದರೂ ಒಪ್ಪಿದರು.

ಬಾಗಿಲಿಗೆ ಮಾತ್ರ ಪುಟ್ಟಿ ಬೇಕಾಯಿತು. ತೆಳುವಾಗಿ ಹಾಕುವುದಾದರೆ ಪುಟ್ಟಿ ಕೆಟ್ಟದ್ದಲ್ಲ. ಉಜ್ಜಿ ಉಳಿಯುವುದು 3 ಮಿಲಿಮೀಟರ್ ಒಳಗಿದ್ದರೆ ಒಳ್ಳೆಯದು. ಮೊದಲು ಎಪಾಕ್ಸಿ ಪ್ರೈಮರ್, ಅದರ ಮೇಲೆ ಪುಟ್ಟಿ. ಹೀಗೆ ಮಾಡಿದರೆ ಪುಟ್ಟಿ ತೇವ ಹೀರಿದರೂ ತಗಡಿಗೆ ನೇರ ತಗುಲುವುದಿಲ್ಲ. ಹಾರ್ಡನರ್ ತೂಕದಲ್ಲಿ ಸುಮಾರು 2 ಪರ್ಸೆಂಟ್. ಬೇಗ ಗಟ್ಟಿಯಾಗಲಿ ಅಂತ ಜಾಸ್ತಿ ಹಾಕಿದರೆ ಅದರ ಬಣ್ಣ ಮೇಲಿನ ಪೇಂಟ್‌ನಲ್ಲಿ ಕಲೆಯಾಗಿ ಎದ್ದು ಬರುತ್ತದೆ. ಉಜ್ಜುವಾಗ ನೀರು ಮುಟ್ಟಿಸಲಿಲ್ಲ. 80ರ ಉಪ್ಪುಕಾಗದ, ಆಮೇಲೆ 180, 320, ಎಲ್ಲವೂ ಒಣ ಉಜ್ಜು. ಪ್ರೈಮರ್ ಮೇಲೆ ಕಪ್ಪು ಪುಡಿ ಸವರಿ ಉದ್ದ ಹಲಗೆಯಲ್ಲಿ ಉಜ್ಜಿದರೆ ತಗ್ಗಿರುವ ಕಡೆ ಕಪ್ಪು ಉಳಿಯುತ್ತದೆ. ನನ್ನ ಅಂಗೈಗೆ ಗೊತ್ತಾಗದ ಉಬ್ಬುತಗ್ಗು ಆಗ ಕಣ್ಣಿಗೇ ಕಂಡಿತು.

ಬಂಪರ್ ಕೆಲಸ ನಾನೇ ಮಾಡಿದೆ, ಅದೇನು ಕಷ್ಟವಲ್ಲ. ಒಳಬದಿಯಲ್ಲಿ ಪ್ಲಾಸ್ಟಿಕ್ ಯಾವುದು ಅಂತ ಅಚ್ಚು ಹಾಕಿರುತ್ತಾರೆ. ನನ್ನದರಲ್ಲಿ ಪಾಲಿಪ್ರೊಪಿಲೀನ್ ಎಂದಿತ್ತು. ಒಳಕ್ಕೆ ಹೋದ ಭಾಗಕ್ಕೆ ಕುದಿಯುವ ನೀರು ಸುರಿದು ಹಿಂದಿನಿಂದ ತಳ್ಳಿದರೆ ತನ್ನ ಆಕಾರಕ್ಕೆ ಬಂತು. ಬಂಪರ್ ಕೂರಿಸುವ ಮುರಿದ ಕಿವಿಗಳಿಗೆ ಬಿಸಿ ಮಾಡಿ ಒಳಗಿಳಿಸುವ ಸ್ಟೀಲ್ ಪಿನ್ ಹಾಕಿ, ಮೇಲೆ ಅದೇ ಪ್ಲಾಸ್ಟಿಕ್ ಕಡ್ಡಿ ಕರಗಿಸಿ ತುಂಬಿದೆ. ಪಾಲಿಪ್ರೊಪಿಲೀನ್ ಮೇಲೆ ಮಾಮೂಲಿ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಬಣ್ಣಕ್ಕೆ ಮೊದಲು ಅದನ್ನು ಹಿಡಿದಿಡುವ ಪ್ರಮೋಟರ್ ಹೊಡೆಯಬೇಕು. ಹರಿದ ತಟ್ಟೆ ರಿಪೇರಿಗೆ ಬರುವಂತಿರಲಿಲ್ಲ, ಹೊಸದು ತಂದೆ. ಕ್ಲಿಪ್‌ಗಳಂತೂ ಒಂದು ಕವರ್ ತುಂಬ ಬೇಕಾದವು.

ಬಣ್ಣದ ಕೋಡ್ ಬಾಗಿಲ ಚೌಕಟ್ಟಿನ ಪಟ್ಟಿಯಲ್ಲಿತ್ತು. ಕೋಡ್ ಪ್ರಕಾರ ಕಲಸಿದ ಬಣ್ಣ ಹೊಸ ಗಾಡಿಯ ಬಣ್ಣ, ನನ್ನ ಗಾಡಿ ಬಿಸಿಲು ಕಂಡದ್ದು. ಅದಕ್ಕೇ ಬಾಗಿಲ ಅಂಚಿಗೆ ನಿಲ್ಲಿಸದೆ ಪಕ್ಕದ ಬಾಗಿಲಿನ ಮೇಲೂ ಸ್ವಲ್ಪ ಹರಡಿ ಕರಗಿಸಿದರು. ಎರಡು ಭಾಗ ಬೆರೆಸುವ ಪೇಂಟ್‌ನ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದು ಆಸ್ತಮಾ ತರುವ ವಸ್ತು, ಬಟ್ಟೆ ಮಾಸ್ಕ್ ಅದಕ್ಕೆ ಏನೇನೂ ಸಾಲದು. ಅಣ್ಣ ಹೊರಗಿನ ಗಾಳಿ ಬರುವ ಮಾಸ್ಕ್ ಹಾಕಿಕೊಂಡು ಹೊಡೆದರು, ನನ್ನನ್ನು ಹತ್ತಿರ ಬಿಡಲಿಲ್ಲ.

ತುಕ್ಕು ತಡೆಯುವ ವ್ಯಾಕ್ಸ್ ಎಲ್ಲಕ್ಕಿಂತ ಕೊನೆಗೆ. ಸಿಲ್, ಬಾಗಿಲು, ಚಾಸಿಸ್ ಒಳಗೆ ಉದ್ದ ನಳಿಕೆ ತೂರಿಸಿ, ಸುತ್ತಲೂ ಚಿಮ್ಮುವ ಮೊನೆಯಿಂದ ಹೊಡೆಯುವ ಕ್ಯಾವಿಟಿ ವ್ಯಾಕ್ಸ್ ಇದು. ವೆಲ್ಡಿಂಗ್‌ಗೆ ಮೊದಲು ಹಾಕಿದರೆ ಹೊತ್ತಿಕೊಳ್ಳುತ್ತದೆ, ಬಣ್ಣಕ್ಕೆ ಮೊದಲು ಹಾಕಿದರೆ ಬಣ್ಣ ಹಿಡಿಯುವುದಿಲ್ಲ. ನಳಿಕೆಯನ್ನು ಕೊನೆಯವರೆಗೆ ತೂರಿಸಿ, ಹೊಡೆಯುತ್ತಾ ನಿಧಾನವಾಗಿ ಹಿಂದಕ್ಕೆ ಎಳೆದೆ. ಸಂದಿಗಳಿಂದ ಕಂದು ಬಣ್ಣದಲ್ಲಿ ಜಿನುಗತೊಡಗಿದರೆ ಒಳಗೆಲ್ಲ ತಲುಪಿದೆ ಅಂತ ಅರ್ಥ. ನೀರು ಇಳಿಯುವ ತೂತುಗಳನ್ನು ಆಮೇಲೆ ಮತ್ತೆ ಕಡ್ಡಿಯಿಂದ ಬಿಡಿಸಿದೆ. ಗಾಡಿಯ ತಳಕ್ಕೆ ದಪ್ಪ ರಬ್ಬರ್ ಕೋಟಿಂಗ್ ಹೊಡೆಸಿ ಅಂತ ಬಹಳ ಜನ ಹೇಳಿದರು. ನಾನು ಒಪ್ಪಲಿಲ್ಲ. ಕಲ್ಲು ಬಡಿದು ಅದು ಒಂದು ಕಡೆ ಬಿಟ್ಟುಕೊಂಡರೆ ನೀರು ಅದರಡಿ ಸೇರಿ ನಿಲ್ಲುತ್ತದೆ, ಮೇಲೆ ಮಾತ್ರ ಕಪ್ಪಗೆ ಚೆಂದ ಕಾಣುತ್ತದೆ. ತಳಕ್ಕೂ ವ್ಯಾಕ್ಸ್ ಹೊಡೆಸಿದೆ. ಅದು ಉದುರಿದರೆ ಕಣ್ಣಿಗೆ ಕಾಣುತ್ತದೆ, ಮತ್ತೆ ಹೊಡೆಯಬಹುದು.

ಕಾರ್ಪೆಟ್ ಹಾಕುವ ಮೊದಲು ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟೆವು. ಕೆಳಗಿನಿಂದ ಶುರುಮಾಡಿ ಮೇಲಕ್ಕೆ. ಮೊದಲೇ ಮೇಲಿನಿಂದ ಬಿಟ್ಟರೆ ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುವುದಿಲ್ಲ ಅಲ್ವಾ? ಸಿಲ್ ಜಾಯಿಂಟ್ ಒಣಗಿತ್ತು, ಬಾಗಿಲೂ ಒಣಗಿತ್ತು. ಸೋರಿದ್ದು ನಾವು ಮುಟ್ಟದೇ ಇದ್ದ ಜಾಗ, ಹಿಂದಿನ ಲ್ಯಾಂಪಿನ ಹಿಂದಿರುವ ರಬ್ಬರ್ ಗ್ಯಾಸ್ಕೆಟ್. ಅದು ಗಡುಸಾಗಿ ಬಿರುಕು ಬಿಟ್ಟಿತ್ತು. ಹೊಸ ಗ್ಯಾಸ್ಕೆಟ್ ಹಾಕಿ ಮತ್ತೆ ನೀರು ಬಿಟ್ಟು, ಒಣಗಿದ್ದನ್ನು ಖಾತ್ರಿ ಮಾಡಿಕೊಂಡೆ. ಆಮೇಲೆ ಕಾರ್ಪೆಟ್, ಸೀಟು. ಸೀಟಿನ ಬೋಲ್ಟ್‌ಗಳನ್ನು ಟಾರ್ಕ್ ವ್ರೆಂಚ್‌ನಲ್ಲೇ ಬಿಗಿದೆ. ಕನೆಕ್ಟರ್ ಎಲ್ಲ ಕೂರಿಸಿದ ಮೇಲೆ ಕೊನೆಗೆ ಬ್ಯಾಟರಿ.

ಆಮೇಲೂ ಗಾಡಿ ಕೆಸರು ನೀರು ಕಂಡಿದೆ. ಒಂದು ಸಲ ಫೋನಿಗೆ ಜೋಡಿಸುವ ಸಣ್ಣ ಕೇಬಲ್ ಕ್ಯಾಮೆರಾ ತಂದು ಸಿಲ್ ಒಳಗೆ ಬಿಟ್ಟು ನೋಡಿದೆ. ಹೊಸ ಜಾಯಿಂಟ್ ಉದ್ದಕ್ಕೂ ವ್ಯಾಕ್ಸ್ ಹಾಗೇ ಇತ್ತು. ಹಿಂದಿನ ಮೂಲೆಯ ಅಡ್ಡ ತಗಡಿನ ಆಚೆ ಮಾತ್ರ ತೆಳುವಾಗಿತ್ತು, ಮರಳು ಸೇರಿದ್ದ ಜಾಗವೇ ಅದು. ಚಕ್ರದ ಕಡೆಯ ಬಿರಡೆ ತೆಗೆದು ಅಲ್ಲಿಂದ ಇನ್ನೊಂದು ಕೋಟ್ ಹೊಡೆದೆ.